ಫೆಬ್ರುವರಿಯಲ್ಲಿ ಬರುವ ಪ್ರಶ್ನೆ: ‘ಯಾವ ಫಂಡ್ ಕೊಳ್ಳಲಿ?’

ಕೆನಡಾದ ಫೆಬ್ರುವರಿಗೆ ಎರಡು ಗುರುತು. ಒಂದು, ಮನೆಯ ಮುಂದೆ ರಾಶಿ ಬಿದ್ದ ಹಿಮ. ಇನ್ನೊಂದು, ಬ್ಯಾಂಕಿನ ಗಾಜಿನ ಮೇಲೆ, ಬಸ್ ನಿಲ್ದಾಣದಲ್ಲಿ, ಮೊಬೈಲಿನಲ್ಲಿ ಎಲ್ಲೆಂದರಲ್ಲಿ ಆರ್‌ಆರ್‌ಎಸ್‌ಪಿ ಜಾಹೀರಾತು. ಈ ನಿವೃತ್ತಿ ಉಳಿತಾಯ ಖಾತೆಗೆ ಹೊಸ ವರ್ಷದ ಮೊದಲ 60 ದಿನಗಳೊಳಗೆ ಕಟ್ಟಿದ ಹಣವನ್ನು ಹಿಂದಿನ ವರ್ಷದ ಆದಾಯದಿಂದ ಕಳೆಯಬಹುದು. ಗಡಿಬಿಡಿ ಅದಕ್ಕೇ. ಒಂಟಾರಿಯೊದ ಕನ್ನಡ ಬಳಗದಲ್ಲಿ ಲೆಕ್ಕದ ಹುಚ್ಚಿನವನೆಂದು ಹೆಸರು ಮಾಡಿಕೊಂಡ ತಪ್ಪಿಗೆ ಆ ತಿಂಗಳು ನನಗೆ ಫೋನ್ ಕರೆಗಳು ಹೆಚ್ಚು. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ: ‘ಸಾರ್, ಯಾವ ಫಂಡ್ ಕೊಳ್ಳಲಿ?’

ನಾನು ಪರವಾನಗಿ ಪಡೆದ ಸಲಹೆಗಾರನಲ್ಲ. ಆದರೂ ಇಷ್ಟು ಹೇಳಬಲ್ಲೆ: ಸ್ವಂತವಾಗಿ ಹೂಡಿಕೆ ಮಾಡುವವರ ಪ್ರಶ್ನೆಗಳಲ್ಲಿ ಇದು ಅತಿ ಸುಲಭದ್ದು, ಮತ್ತು ಕೊನೆಗೆ ಕೇಳಬೇಕಾದದ್ದು. ಯಾವ ಖಾತೆಯಲ್ಲಿ ಇಡಬೇಕು, ಯಾವಾಗ ಬೇಕಾಗುವ ಹಣ, ಊರಿನಲ್ಲಿರುವ ಆಸ್ತಿಗೂ ಇದಕ್ಕೂ ಏನು ಸಂಬಂಧ ಎಂಬವು ಅದಕ್ಕೂ ಮೊದಲು ಬರಬೇಕು. ಆದರೆ ಸುಲಭದ್ದನ್ನು ಮುಗಿಸದೆ ಯಾರೂ ಮುಂದಿನ ಮಾತು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಇಟಿಎಫ್ ಎಂದರೆ ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರಬಹುದಾದ ಫಂಡ್. ಇದರ ತವರು ಅಮೆರಿಕ ಎಂದು ಹಲವರು ಭಾವಿಸಿದ್ದಾರೆ. ಮೊದಲ ಇಟಿಎಫ್ ಹುಟ್ಟಿದ್ದು 1990ರಲ್ಲಿ, ಟೊರಾಂಟೊ ಷೇರುಪೇಟೆಯಲ್ಲಿ. ಬಹಳ ವರ್ಷ ಕೆನಡಾದ ಸ್ವಯಂ ಹೂಡಿಕೆದಾರರು ಇಂಥ ಮೂರೋ ನಾಲ್ಕೋ ಫಂಡ್‌ಗಳನ್ನು ಕೊಂಡು, ಕೆನಡಾಕ್ಕೆ ಇಷ್ಟು, ಅಮೆರಿಕಕ್ಕೆ ಇಷ್ಟು, ಬಾಂಡ್‌ಗೆ (ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರಕ್ಕೆ) ಇಷ್ಟು ಎಂದು ತಾವೇ ಪಾಲು ಹಾಕಿಕೊಂಡು, ವರ್ಷಕ್ಕೊಮ್ಮೆ ಆ ಪಾಲನ್ನು ಸರಿದೂಗಿಸುತ್ತಿದ್ದರು. 2018ರ ಆರಂಭದಲ್ಲಿ ವ್ಯಾನ್‌ಗಾರ್ಡ್ ಎಂಬ ಫಂಡ್ ಕಂಪನಿ ಈ ಕೆಲಸವನ್ನೆಲ್ಲ ಒಳಗೇ ಮಾಡಿಕೊಳ್ಳುವ ಇಟಿಎಫ್‌ಗಳನ್ನು ತಂದಿತು. ವಿಜಿಆರ್‌ಒ ಎಂಬುದರಲ್ಲಿ ಶೇ 80 ಷೇರು, ಶೇ 20 ಬಾಂಡ್. ವಿಬಿಎಎಲ್‌ನಲ್ಲಿ 60ಕ್ಕೆ 40. ಮರುವರ್ಷ ಬಂದ ವಿಇಕ್ಯೂಟಿ ಪೂರ್ತಿ ಷೇರು. ಐಷೇರ್ಸ್ ಮತ್ತು ಬಿಎಂಒ ಕೂಡ ಇಂಥವನ್ನೇ ತಂದವು. ವಿಇಕ್ಯೂಟಿಯ ಒಂದು ಯೂನಿಟ್ ಕೊಂಡರೆ ಜಗತ್ತಿನ ಹತ್ತು ಸಾವಿರಕ್ಕೂ ಹೆಚ್ಚು ಕಂಪನಿಗಳ ಚೂರುಪಾರು ನಿಮ್ಮದಾಗುತ್ತದೆ. ಅದರಲ್ಲಿ ಭಾರತದ ಕಂಪನಿಗಳ ಸಣ್ಣದೊಂದು ಪಾಲೂ ಇದೆ.

ಅಕ್ಕಿ, ಬೇಳೆ, ತರಕಾರಿ, ಪುಡಿ ಬೇರೆ ಬೇರೆ ತಂದು ಒಲೆ ಹಚ್ಚುವ ಬದಲು ಹದವಾಗಿ ಬೆಂದ ಬಿಸಿಬೇಳೆಬಾತನ್ನೇ ತಟ್ಟೆಗೆ ಹಾಕಿಸಿಕೊಂಡಂತೆ ಇದು. ನಮ್ಮವರು ಅಲ್ಲಿಗೇ ನಿಲ್ಲುವುದಿಲ್ಲ. ವಿಇಕ್ಯೂಟಿ ಜೊತೆಗೆ ಅಮೆರಿಕದ 500 ಕಂಪನಿಗಳ ಫಂಡ್ ಒಂದು, ನ್ಯಾಸ್ಡ್ಯಾಕ್ ಫಂಡ್ ಇನ್ನೊಂದು, ಕೆನಡಾ ಬ್ಯಾಂಕುಗಳ ಫಂಡ್ ಮತ್ತೊಂದು. ಎಲ್ಲದರೊಳಗೂ ಹೆಚ್ಚುಕಡಿಮೆ ಅವೇ ಕಂಪನಿಗಳು. ಬಿಸಿಬೇಳೆಬಾತಿನ ಮೇಲೆ ಮತ್ತೆ ಸಾರು ಸುರಿದುಕೊಂಡು ಊಟ ವೈವಿಧ್ಯವಾಯಿತು ಎಂದರೆ ಏನು ಹೇಳುವುದು?

ಇದರ ನಿಜವಾದ ಲಾಭ ಇರುವುದು ವೆಚ್ಚದಲ್ಲಿ. ಬ್ಯಾಂಕಿನ ಶಾಖೆಗೆ ಹೋದರೆ ಕೈಗಿಡುವ ಮ್ಯೂಚುವಲ್ ಫಂಡ್‌ಗಳಲ್ಲಿ ವರ್ಷಕ್ಕೆ ಶೇ 2ರ ಆಸುಪಾಸು ಕಡಿತ ಮಾಮೂಲು. ಮೇಲೆ ಹೇಳಿದ ಇಟಿಎಫ್‌ಗಳಲ್ಲಿ ಅದು ಶೇ 0.25 ಅಥವಾ ಅದಕ್ಕೂ ಕಡಿಮೆ. ಒಂದು ಲಕ್ಷ ಡಾಲರ್ ಹೂಡಿ, ಕಡಿತಕ್ಕೆ ಮುಂಚೆ ವರ್ಷಕ್ಕೆ ಶೇ 6 ಬೆಳೆಯಿತು ಎಂದುಕೊಳ್ಳಿ. 30 ವರ್ಷದ ಕೊನೆಗೆ ಶೇ 2 ಕಳೆದವನ ಕೈಯಲ್ಲಿ ಸುಮಾರು 3,24,000 ಡಾಲರ್, ಶೇ 0.25 ಕಳೆದವನ ಕೈಯಲ್ಲಿ ಸುಮಾರು 5,35,000. ಈ ಎರಡು ಲಕ್ಷ ಚಿಲ್ಲರೆಗೆ ಯಾರೂ ಬಿಲ್ ಕಳುಹಿಸುವುದಿಲ್ಲ, ಫಂಡಿನ ಒಳಗೇ ದಿನದಿನವೂ ಕರಗಿಹೋಗಿರುತ್ತದೆ.

ಷೇರು ಎಷ್ಟಿರಬೇಕು, ಬಾಂಡ್ ಎಷ್ಟಿರಬೇಕು? ಈ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳುತ್ತೇನೆ. 2020ರ ಫೆಬ್ರುವರಿ 20ರಿಂದ ಮಾರ್ಚ್ 23ರ ನಡುವೆ ಟೊರಾಂಟೊ ಸೂಚ್ಯಂಕ ಶೇ 37ರಷ್ಟು ಬಿತ್ತು. ಆಗ ನೀವು ಏನು ಮಾಡಿದಿರಿ? ಎರಡು ಲಕ್ಷ ಡಾಲರ್ ಒಂದು ತಿಂಗಳಲ್ಲಿ ಒಂದು ಲಕ್ಷದ ಇಪ್ಪತ್ತಾರು ಸಾವಿರವಾದಾಗ ನಿದ್ದೆ ಬಂತೇ? ಮಾರಿ ಹೊರಬಂದವರು ಶೇ 100 ಷೇರಿನ ಫಂಡ್ ಕೊಳ್ಳಬಾರದು, ವಯಸ್ಸು 28 ಆಗಿದ್ದರೂ. ಐದು ವರ್ಷದೊಳಗೆ ಮನೆಯ ಮುಂಗಡಕ್ಕೆ ಬೇಕಾಗುವ ಹಣವಂತೂ ಷೇರಿನ ಹತ್ತಿರವೂ ಸುಳಿಯಬಾರದು. ಅದಕ್ಕೆ ಜಿಐಸಿ ಇದೆ. ನಮ್ಮ ಎಫ್‌ಡಿಯ ಕೆನಡಾ ರೂಪ ಎಂದು ತಿಳಿದರೆ ಸಾಕು.

‘ಬಾಂಡ್ ಸುರಕ್ಷಿತ ಅಂದಿದ್ದಿರಿ, 2022ರಲ್ಲಿ ಅದೂ ಬಿತ್ತಲ್ಲ?’ ಎಂದು ಕೇಳಿದವರು ಬಹಳ ಜನ. ಬಿದ್ದದ್ದು ನಿಜ. ಕೆನಡಾದ ಬಾಂಡ್ ಫಂಡ್‌ಗಳು ಆ ವರ್ಷ ಶೇ 10ಕ್ಕೂ ಹೆಚ್ಚು ಕಳೆದುಕೊಂಡವು. ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ 2022ರ ಆರಂಭದಲ್ಲಿ ಶೇ 0.25 ಇತ್ತು. 2023ರ ಜುಲೈ ಹೊತ್ತಿಗೆ ಶೇ 5. ನಿಮ್ಮ ಕೈಯಲ್ಲಿ ಶೇ 2 ಬಡ್ಡಿಯ ಬಾಂಡ್ ಇದೆ, ಪೇಟೆಗೆ ಶೇ 4ರ ಹೊಸ ಬಾಂಡ್ ಬಂದಿದೆ. ನಿಮ್ಮದನ್ನು ಹಳೆಯ ಬೆಲೆಗೆ ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಲೇಬೇಕು. ಜಿಐಸಿಯ ಬೆಲೆಯೂ ಒಳಗೊಳಗೆ ಹೀಗೇ ಇಳಿದಿರುತ್ತದೆ, ದಿನವೂ ಯಾರೂ ತೋರಿಸುವುದಿಲ್ಲವಾದ್ದರಿಂದ ಎದೆ ಹೊಡೆದುಕೊಳ್ಳುವುದಿಲ್ಲ ಅಷ್ಟೆ. ಬಿದ್ದ ಬಾಂಡ್ ಫಂಡ್ ಆ ಮೇಲೆ ಹೆಚ್ಚಿನ ಬಡ್ಡಿಯ ಹೊಸ ಬಾಂಡ್‌ಗಳನ್ನೇ ಕೊಳ್ಳುತ್ತ ಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನೊಂದು ಚರ್ಚೆ ಮುಗಿಯುವಂಥದ್ದೇ ಅಲ್ಲ: ಕೆನಡಾದ ಪಾಲು ಎಷ್ಟಿರಬೇಕು? ಜಗತ್ತಿನ ಷೇರುಪೇಟೆಯಲ್ಲಿ ಕೆನಡಾದ ತೂಕ ಶೇ 3ರ ಆಜುಬಾಜು. ಆದರೂ ವಿಇಕ್ಯೂಟಿಯಲ್ಲಿ ಅದಕ್ಕೆ ಶೇ 30, ಐಷೇರ್ಸಿನ ಎಕ್ಸ್‌ಇಕ್ಯೂಟಿಯಲ್ಲಿ ಶೇ 25ರಷ್ಟು ಜಾಗ ಕೊಟ್ಟಿದ್ದಾರೆ. ಇದು ಬರೀ ದೇಶಪ್ರೇಮವಲ್ಲ. ನೀವು ಖರ್ಚು ಮಾಡುವುದು ಕೆನಡಾ ಡಾಲರಿನಲ್ಲಿ, ಇಲ್ಲಿನ ಲಾಭಾಂಶಕ್ಕೆ ತೆರಿಗೆ ಬೀಳುವ ಖಾತೆಯಲ್ಲಿ ರಿಯಾಯಿತಿಯೂ ಇದೆ. ಆದರೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ನಾರ್ಟೆಲ್ ಇದೆ. 2000ನೇ ಇಸವಿಯಲ್ಲಿ ಈ ಒಂದೇ ದೂರಸಂಪರ್ಕ ಉಪಕರಣ ಕಂಪನಿ ಟೊರಾಂಟೊ ಸೂಚ್ಯಂಕದ ಮೂರನೇ ಒಂದು ಭಾಗವನ್ನು ಆಕ್ರಮಿಸಿಕೊಂಡಿತ್ತು. ಆ ವರ್ಷ ಅದರ ಷೇರಿನ ಬೆಲೆ 124 ಡಾಲರ್ ಮುಟ್ಟಿತ್ತು. 2009ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಇಂದಿನ ಸೂಚ್ಯಂಕದಲ್ಲಿ ಯಾವೊಂದು ಕಂಪನಿಗೂ ಅಷ್ಟು ತೂಕವಿಲ್ಲ, ಆದರೆ ಹಣಕಾಸು ವಲಯವೊಂದೇ ಮೂರನೇ ಒಂದು ಭಾಗದಷ್ಟಿದೆ, ಅದರ ಬೆನ್ನಿಗೆ ತೈಲ ಮತ್ತು ಗಣಿ. ಕೆಲಸ ಕೆನಡಾದ ಬ್ಯಾಂಕಿನಲ್ಲಿ, ಮನೆ ಒಂಟಾರಿಯೊದ ಬ್ರ್ಯಾಂಪ್ಟನ್‌ನಲ್ಲಿ, ಹೂಡಿಕೆಯೂ ಕೆನಡಾದ ಬ್ಯಾಂಕ್ ಷೇರಿನಲ್ಲಿ ಎಂದಾದರೆ ಒಂದೇ ಕೊಂಬೆಗೆ ಮೂರು ಉಯ್ಯಾಲೆ ಕಟ್ಟಿದ ಹಾಗೆ.

ಬ್ಯಾಂಕ್ ಷೇರು ಎಂದಾಗ ಲಾಭಾಂಶದ ಮಾತು ಬರಲೇಬೇಕು. ಕೆನಡಾದಲ್ಲಿ ಡಿವಿಡೆಂಡ್ ಎಂಬುದಕ್ಕೆ ಹೆಚ್ಚುಕಡಿಮೆ ದೈವಭಕ್ತಿಯ ಸ್ಥಾನವಿದೆ. ‘ಅಸಲು ಮುಟ್ಟುವುದಿಲ್ಲ, ಲಾಭಾಂಶದಲ್ಲೇ ಬದುಕುತ್ತೇನೆ’ ಎಂಬುದು ಬಾಡಿಗೆ ಮನೆ ಕಟ್ಟಿಸಿ ಬೆಳೆದ ನಮ್ಮವರಿಗೂ ಹಿತವಾದ ಮಾತು. ಆದರೆ ಕಂಪನಿ ಒಂದು ಡಾಲರ್ ಹಂಚಿದ ದಿನ ಅದರ ಬೊಕ್ಕಸದಲ್ಲಿ ಒಂದು ಡಾಲರ್ ಕಡಿಮೆಯಾಗಿರುತ್ತದೆ, ಷೇರಿನ ಬೆಲೆಯೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಎಡಗಿಸೆಯಿಂದ ಬಲಗಿಸೆಗೆ ಬಂದದ್ದು ಸಂಪಾದನೆಯಲ್ಲ. ವಿಧವೆಯರೂ ಅನಾಥರೂ ಕಣ್ಣುಮುಚ್ಚಿ ಕೊಳ್ಳಬಹುದಾದ ಷೇರು ಎನಿಸಿಕೊಂಡಿದ್ದ ದೂರವಾಣಿ ಕಂಪನಿ ಬಿಸಿಇ 2025ರ ಮೇ ತಿಂಗಳಲ್ಲಿ ವಾರ್ಷಿಕ ಲಾಭಾಂಶವನ್ನು 3.99 ಡಾಲರಿನಿಂದ 1.75ಕ್ಕೆ ಇಳಿಸಿತು. ಅಷ್ಟರಲ್ಲಾಗಲೇ ಷೇರಿನ ಬೆಲೆ 2022ರ ಎತ್ತರದ ಅರ್ಧಕ್ಕೂ ಕೆಳಗಿತ್ತು. ಬಡ್ಡಿಯ ಆಸೆಗೆ ಅಸಲು ಹೋಯಿತು ಎಂಬ ಗಾದೆ ಕೆನಡಾದಲ್ಲೂ ನಡೆಯುತ್ತದೆ.

ಈಗ ಖಾತೆಗಳ ವಿಷಯ. ಬಹಳಷ್ಟು ಜನ ಟಿಎಫ್‌ಎಸ್‌ಎ (ತೆರಿಗೆರಹಿತ ಉಳಿತಾಯ ಖಾತೆ), ಆರ್‌ಆರ್‌ಎಸ್‌ಪಿಗಳನ್ನೇ ಹೂಡಿಕೆ ಎಂದುಕೊಂಡಿದ್ದಾರೆ. ‘ನನ್ನ ಟಿಎಫ್‌ಎಸ್‌ಎ ಶೇ 1 ಕೊಡುತ್ತಿದೆ’ ಎನ್ನುತ್ತಾರೆ. ಖಾತೆ ಎಂಬುದು ಡಬ್ಬಿ ಮಾತ್ರ. ಒಳಗೆ ಚಕ್ಕುಲಿ ತುಂಬುತ್ತೀರೋ ಉಪ್ಪು ತುಂಬುತ್ತೀರೋ ನಿಮಗೆ ಬಿಟ್ಟದ್ದು. ಡಬ್ಬಿ ಬದಲಾದರೆ ತೆರಿಗೆ ಬದಲಾಗುತ್ತದೆ.

ಟಿಎಫ್‌ಎಸ್‌ಎ ಬಂದದ್ದು 2009ರಲ್ಲಿ. ಇಲ್ಲಿಗೆ ಹಾಕುವುದು ತೆರಿಗೆ ಕಟ್ಟಿ ಉಳಿದ ಹಣ, ಆಮೇಲೆ ಬೆಳೆದದ್ದಕ್ಕೂ ತೆಗೆದದ್ದಕ್ಕೂ ತೆರಿಗೆ ಇಲ್ಲ. 2025ರ ಮಿತಿ 7,000 ಡಾಲರ್. 2009ರಲ್ಲೇ 18 ತುಂಬಿ ಇಲ್ಲಿಯೇ ಇದ್ದವರಿಗೆ 2025ಕ್ಕೆ ಒಟ್ಟು 1,02,000 ಡಾಲರಿನ ಅವಕಾಶ ಸೇರಿದೆ. ಎಡವಟ್ಟಾಗುವುದು ಈ ಅಂಕಿಯಲ್ಲೇ. ಹೊಸದಾಗಿ ಬಂದವರು ಇದನ್ನು ಓದಿ ಊರಿನಿಂದ ತಂದ ಹಣವನ್ನೆಲ್ಲ ಸುರಿಯುತ್ತಾರೆ. ಅವಕಾಶ ಶುರುವಾಗುವುದು ನೀವು ಕೆನಡಾದ ನಿವಾಸಿಯಾದ ವರ್ಷದಿಂದ. 2022ರಲ್ಲಿ ಬಂದವರಿಗೆ 2025ರ ವೇಳೆಗೆ 6,000, 6,500, 7,000, 7,000, ಒಟ್ಟು 26,500 ಮಾತ್ರ. ಹೆಚ್ಚಾದ ಹಣಕ್ಕೆ ತಿಂಗಳಿಗೆ ಶೇ 1 ದಂಡ. ಒಂದು ಸಮಾಧಾನವೆಂದರೆ ಡಿಸೆಂಬರಿನಲ್ಲಿ ವಿಮಾನ ಇಳಿದರೂ ಆ ಇಡೀ ವರ್ಷದ ಮಿತಿ ಸಿಗುತ್ತದೆ. ಇನ್ನೊಂದು ಗುಂಡಿ: ಮಾರ್ಚಿಯಲ್ಲಿ 10,000 ತೆಗೆದು, ಸೆಪ್ಟೆಂಬರಿನಲ್ಲಿ ವಾಪಸು ಹಾಕುವುದು. ತೆಗೆದ ಮೊತ್ತದ ಅವಕಾಶ ಮರಳುವುದು ಮುಂದಿನ ಜನವರಿ 1ಕ್ಕೆ. ಮೊದಲೇ ಮಿತಿ ತುಂಬಿದ್ದರೆ ತಿಂಗಳಿಗೆ ನೂರು ಡಾಲರ್ ದಂಡ ಬೀಳುತ್ತದೆ. ಇದನ್ನು ನಾನೇ ಒಮ್ಮೆ ಕಟ್ಟಿದ್ದೇನೆ, ಹಾಗಾಗಿ ಮರೆಯುವುದಿಲ್ಲ.

ಆರ್‌ಆರ್‌ಎಸ್‌ಪಿ ಹಳೆಯದು, 1957ರದು. ಹಿಂದಿನ ವರ್ಷದ ದುಡಿಮೆಯ ಶೇ 18ರಷ್ಟು, 2025ಕ್ಕೆ ಗರಿಷ್ಠ 32,490 ಡಾಲರ್ ಹಾಕಬಹುದು. ಈಗ ತೆರಿಗೆ ಉಳಿಯುತ್ತದೆ, ತೆಗೆಯುವಾಗ ಕಟ್ಟಬೇಕು. ಟಿಎಫ್‌ಎಸ್‌ಎ ಮೇಲೋ ಇದು ಮೇಲೋ ಎಂದು ತಲೆ ಕೆಡಿಸಿಕೊಳ್ಳುವವರು ಕಾಗದದ ಮೇಲೆ ಹೀಗೆ ಬರೆದು ನೋಡಿ. 1,000 ಡಾಲರ್ ದುಡಿದಿರಿ, ತೆರಿಗೆ ಶೇ 30, ಹೂಡಿದ್ದು ಮುಂದೆ ಎರಡರಷ್ಟಾಯಿತು. ಆರ್‌ಆರ್‌ಎಸ್‌ಪಿಯಲ್ಲಿ 1,000 ಹೋಗಿ 2,000 ಆಗುತ್ತದೆ, ತೆಗೆಯುವಾಗ ಶೇ 30 ಕಳೆದರೆ 1,400. ಟಿಎಫ್‌ಎಸ್‌ಎಗೆ ತೆರಿಗೆ ಕಳೆದ 700 ಹೋಗಿ 1,400 ಆಗುತ್ತದೆ. ಎರಡೂ ಒಂದೇ! ವ್ಯತ್ಯಾಸ ಹುಟ್ಟುವುದು ತೆರಿಗೆ ದರ ಬದಲಾದಾಗ. ಇಂದು ಹೆಚ್ಚು ಸಂಬಳ, ನಿವೃತ್ತಿಯಲ್ಲಿ ಕಡಿಮೆ ಆದಾಯ ಎಂದಾದರೆ ಆರ್‌ಆರ್‌ಎಸ್‌ಪಿ ಗೆಲ್ಲುತ್ತದೆ. ಬಂದ ಹೊಸತರಲ್ಲಿ ಕಡಿಮೆ ಸಂಬಳವಿರುವವರು ಮೊದಲು ಟಿಎಫ್‌ಎಸ್‌ಎ ತುಂಬುವುದು ಲೇಸು, ಆರ್‌ಆರ್‌ಎಸ್‌ಪಿಯ ಅವಕಾಶ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಉಳಿಯುತ್ತದೆ. ಮರುಪಾವತಿ ಬಂದ ತೆರಿಗೆಯಲ್ಲಿ ಹೊಸ ಟಿವಿ ಕೊಂಡರೆ ಮಾತ್ರ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಕಂಪನಿ ತನ್ನ ಪಾಲನ್ನೂ ಸೇರಿಸುವ ಯೋಜನೆ ಇದ್ದರೆ ಈ ಚರ್ಚೆಗೆ ಇಳಿಯುವ ಮುನ್ನವೇ ಅದನ್ನು ಪೂರ್ತಿ ಬಳಸಿಕೊಳ್ಳಬೇಕು.

ಎರಡರ ಗುಣವೂ ಇರುವ ಮೂರನೆಯ ಡಬ್ಬಿ 2023ರ ಏಪ್ರಿಲ್‌ನಲ್ಲಿ ಬಂತು: ಮೊದಲ ಮನೆಗಾಗಿ ಎಫ್‌ಎಚ್‌ಎಸ್‌ಎ. ವರ್ಷಕ್ಕೆ 8,000, ಜೀವಮಾನಕ್ಕೆ 40,000 ಡಾಲರ್. ಹಾಕುವಾಗ ತೆರಿಗೆ ಕಡಿತ, ಮನೆಗೆಂದು ತೆಗೆಯುವಾಗಲೂ ತೆರಿಗೆ ಇಲ್ಲ. ಕನ್ನಡಿಗರು ಇಲ್ಲಿ ಕೇಳುವ ಪ್ರಶ್ನೆ ಬಲು ಸೊಗಸು: ‘ಬೆಂಗಳೂರಿನಲ್ಲಿ ಫ್ಲ್ಯಾಟ್ ಇದೆ, ನಡೆಯುತ್ತದೆಯೇ?’ ಇದೆ ಎಂಬುದಷ್ಟೇ ಮುಖ್ಯವಲ್ಲ, ಅದರಲ್ಲಿ ನೀವು ವಾಸವಿದ್ದಿರೇ ಎಂಬುದು ಮುಖ್ಯ. ಖಾತೆ ತೆರೆಯುವ ವರ್ಷದಲ್ಲಾಗಲಿ ಅದರ ಹಿಂದಿನ ನಾಲ್ಕು ವರ್ಷಗಳಲ್ಲಾಗಲಿ ಸ್ವಂತ ಮನೆಯನ್ನೇ ಮುಖ್ಯ ವಾಸವಾಗಿ ಮಾಡಿಕೊಂಡಿದ್ದರೆ, ಆ ಮನೆ ಜಯನಗರದಲ್ಲಿದ್ದರೂ ಸರಿ, ಕಾಯಬೇಕು. ಬಾಡಿಗೆಗೆ ಕೊಟ್ಟು ನೀವು ಬೇರೆಡೆ ಬಾಡಿಗೆಗಿದ್ದವರಾದರೆ ಆ ಫ್ಲ್ಯಾಟ್ ಅಡ್ಡಿಯಲ್ಲ. ಸಂಗಾತಿಯ ಮನೆಯಲ್ಲಿ ವಾಸವಿದ್ದರೆ ಅದನ್ನೂ ನೋಡುತ್ತಾರೆ.

ಮಕ್ಕಳ ಓದಿನ ಉಳಿತಾಯ ಖಾತೆಯಾದ ಆರ್‌ಇಎಸ್‌ಪಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ, ಒಂದು ಮಗುವಿಗೆ ಒಟ್ಟು 7,200ರವರೆಗೆ. ಶೇ 20 ಪುಕ್ಕಟೆ ಕೊಡುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಇನ್ನು ಯಾರೂ ಕೇಳದ, ಆದರೆ ನಮ್ಮವರು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ. ಊರಿನಲ್ಲಿರುವ ಆಸ್ತಿ, ಠೇವಣಿಯೂ ನಿಮ್ಮ ಪೋರ್ಟ್‌ಫೋಲಿಯೊದ, ಅಂದರೆ ಒಟ್ಟು ಹೂಡಿಕೆಯ, ಭಾಗವೇ? ಹೌದು. ಕೆನಡಾದ ನಿವಾಸಿಯಾದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಕೆನಡಾದಲ್ಲಿ ಇದೆ. ಪಿಪಿಎಫ್ ಬಡ್ಡಿಗೂ ಇಲ್ಲಿ ವಿನಾಯಿತಿ ಇಲ್ಲ. ‘ಅಲ್ಲಿ ತೆರಿಗೆ ಇಲ್ಲವಲ್ಲ’ ಎಂಬ ವಾದ ಕಂದಾಯ ಕಚೇರಿಯಲ್ಲಿ ನಡೆಯುವುದಿಲ್ಲ.

ಅಷ್ಟೇ ಅಲ್ಲ. ಹೊರದೇಶದ ಹೂಡಿಕೆಯ ಒಟ್ಟು ವೆಚ್ಚ ಒಂದು ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ1135 ಎಂಬ ನಮೂನೆ ತುಂಬಬೇಕು. ಇದರಿಂದ ತೆರಿಗೆ ಬೀಳುವುದಿಲ್ಲ, ಬರೀ ಮಾಹಿತಿ. ಕೊಡದಿದ್ದರೆ ದಿನಕ್ಕೆ 25 ಡಾಲರ್, ಗರಿಷ್ಠ 2,500ರವರೆಗೆ ದಂಡ. ಬಂದ ಮೊದಲ ವರ್ಷಕ್ಕೆ ಮಾತ್ರ ಇದು ಬೇಡ. ನೀವೂ ನಿಮ್ಮ ಕುಟುಂಬದವರೂ ವಾಸಕ್ಕೆ ಬಳಸುವ ಮನೆ ಸೇರುವುದಿಲ್ಲ. ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಮುಂದೆ ಬೆಲೆ ಬರಲಿ ಎಂದು ಕೊಂಡಿಟ್ಟ ಸೈಟು, ಮ್ಯೂಚುವಲ್ ಫಂಡ್, ಷೇರು, ಠೇವಣಿ ಸೇರುತ್ತವೆ. ವಲಸೆ ಬಂದವರಿಗೆ ‘ವೆಚ್ಚ’ ಎಂದರೆ 2005ರಲ್ಲಿ ಕೊಟ್ಟ ಬೆಲೆಯಲ್ಲ, ಕೆನಡಾದ ನಿವಾಸಿಯಾದ ದಿನ ಅದಕ್ಕಿದ್ದ ಮಾರುಕಟ್ಟೆ ಬೆಲೆ. ಇದು ಒಂದು ಕಡೆ ನಮೂನೆಯ ಮಿತಿ ದಾಟಿಸುತ್ತದೆ, ಇನ್ನೊಂದು ಕಡೆ ದೊಡ್ಡ ಉಪಕಾರ ಮಾಡುತ್ತದೆ: ಮುಂದೆ ಸೈಟು ಮಾರಿದಾಗ ಕೆನಡಾ ತೆರಿಗೆ ಕೇಳುವುದು ನೀವು ಬಂದ ಮೇಲಿನ ಏರಿಕೆಗೆ ಮಾತ್ರ. ಹಾಗಾಗಿ ಬಂದ ದಿನದ ಬೆಲೆಗೆ ಒಂದು ಮೌಲ್ಯಮಾಪನ ಪತ್ರ ಮಾಡಿಸಿಡಿ. ಹತ್ತು ವರ್ಷದ ನಂತರ ‘ಆಗ ಚದರಡಿಗೆ ಎಷ್ಟಿತ್ತು’ ಎಂದು ಅಣ್ಣನಿಗೆ ಫೋನ್ ಮಾಡಿ ಕೇಳುವ ಪಾಡು ಬೇಡ.

ಉಳಿದವು ಚಿಕ್ಕ ಪ್ರಶ್ನೆಗಳು. ಕೈಯಲ್ಲಿ ದೊಡ್ಡ ಮೊತ್ತವಿದ್ದರೆ ಒಂದೇ ಸಲ ಹಾಕುವುದೋ, ತಿಂಗಳು ತಿಂಗಳು ಹಂಚುವುದೋ? ವ್ಯಾನ್‌ಗಾರ್ಡ್ 2012ರಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದೇ ಸಲ ಹಾಕಿದವರು ಸುಮಾರು ಮೂರರಲ್ಲಿ ಎರಡು ಬಾರಿ ಮುಂದಿದ್ದರು. ಪೇಟೆ ಇಳಿಯುವುದಕ್ಕಿಂತ ಏರುವುದೇ ಹೆಚ್ಚು ಎಂಬುದು ಸರಳ ಕಾರಣ. ಆದರೂ ಮರುದಿನವೇ ಬಿದ್ದರೆ ಜೀವಮಾನವಿಡೀ ಷೇರಿಗೆ ದೂರದಿಂದಲೇ ಕೈಮುಗಿಯುವ ಸ್ವಭಾವ ನಿಮ್ಮದಾದರೆ ಆರು ತಿಂಗಳಿಗೆ ಹಂಚಿಕೊಳ್ಳಿ, ಆ ನೆಮ್ಮದಿಗೆ ಕೊಡುವ ಬೆಲೆ ದುಬಾರಿಯಲ್ಲ.

ವಿದೇಶಿ ವಿನಿಮಯದ ಏರಿಳಿತಕ್ಕೆ ರಕ್ಷಣೆ ಇರುವ ಫಂಡ್ ಬೇಕೇ? ನನಗಂತೂ ಬೇಡ. 2008ರಲ್ಲೂ 2020ರ ಮಾರ್ಚಿಯಲ್ಲೂ ಜಗತ್ತಿನ ಪೇಟೆ ಬಿದ್ದಾಗ ಕೆನಡಾ ಡಾಲರೂ ಬಿತ್ತು. ಅದರೆದುರು ಅಮೆರಿಕ ಡಾಲರಿನ ಬೆಲೆ ಏರಿದ್ದರಿಂದ ಆಗ ರಕ್ಷಣೆಯಿಲ್ಲದೆ ಅಮೆರಿಕದ ಷೇರು ಇಟ್ಟವರಿಗೆ ಪೆಟ್ಟು ಅಷ್ಟರಮಟ್ಟಿಗೆ ತಗ್ಗಿತು.

ಡಾಲರ್ ಬದಲಾವಣೆಗೆ ಬ್ರೋಕರ್ ಹಿಡಿಯುವ ಶೇ 1.5ರಷ್ಟು ಕಮಿಷನ್ ತಪ್ಪಿಸಲು ‘ನಾರ್ಬರ್ಟ್‌ನ ಪಟ್ಟು’ ಎಂದು ಹೆಸರಾದ ಉಪಾಯವಿದೆ. ಡಿಎಲ್‌ಆರ್ ಎಂಬ ಇಟಿಎಫ್ ಅನ್ನು ಕೆನಡಾ ಡಾಲರಿನಲ್ಲಿ ಕೊಂಡು, ಅದರ ಅಮೆರಿಕ ಡಾಲರ್ ರೂಪಕ್ಕೆ ವರ್ಗಾಯಿಸಿಕೊಂಡು ಮಾರುವುದು. 10,000 ಡಾಲರಿಗೆ ಸುಮಾರು 150 ಉಳಿಯುತ್ತದೆ. ಇದನ್ನು ಕಲಿತವರು ಹೊಸ ಸೈಕಲ್ ಕಲಿತ ಹುಡುಗರ ಹಾಗೆ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಾರೆ. ನಿಜ ಹೇಳಬೇಕೆಂದರೆ ಟೊರಾಂಟೊದಲ್ಲೇ ಸಿಗುವ ಫಂಡ್ ಕೊಳ್ಳುವವರಿಗೆ ಇದರ ಅಗತ್ಯವೇ ಇಲ್ಲ. ಅಮೆರಿಕದಲ್ಲಿ ನೋಂದಾಯಿತ ಇಟಿಎಫ್ ಅನ್ನು ನೇರವಾಗಿ ಆರ್‌ಆರ್‌ಎಸ್‌ಪಿಯಲ್ಲಿ ಇಟ್ಟರೆ ಅಲ್ಲಿನ ಲಾಭಾಂಶದ ಮೇಲಿನ ಶೇ 15ರ ತೆರಿಗೆ ಒಪ್ಪಂದದ ಪ್ರಕಾರ ತಪ್ಪುತ್ತದೆ, ಟಿಎಫ್‌ಎಸ್‌ಎಯಲ್ಲಿ ತಪ್ಪುವುದಿಲ್ಲ. ಮೊತ್ತ ಕೆಲವು ಲಕ್ಷ ಮುಟ್ಟುವವರೆಗೆ ಇದಕ್ಕಾಗಿ ತಲೆನೋವು ತಂದುಕೊಳ್ಳಬೇಕಿಲ್ಲ.

ಬ್ರೋಕರ್ ಮುಳುಗಿದರೆ? ಸಿಐಪಿಎಫ್ ಎಂಬ ರಕ್ಷಣಾ ನಿಧಿಯ ಸದಸ್ಯ ಸಂಸ್ಥೆಯಾಗಿದ್ದರೆ ನಿಮ್ಮ ಸ್ವತ್ತಿಗೆ ಖಾತೆಯ ವರ್ಗಕ್ಕೆ ಹತ್ತು ಲಕ್ಷ ಡಾಲರಿನವರೆಗೆ ರಕ್ಷಣೆ ಇದೆ. ಷೇರಿನ ಬೆಲೆ ಬಿದ್ದದ್ದಕ್ಕೆ ಯಾರ ರಕ್ಷಣೆಯೂ ಇಲ್ಲ.

ಕೊನೆಯದಾಗಿ ಅರ್ಜಿಯ ಒಂದು ಕಾಲಂ. ಟಿಎಫ್‌ಎಸ್‌ಎ ತೆರೆಯುವಾಗ ಗಂಡನನ್ನೋ ಹೆಂಡತಿಯನ್ನೋ ಬರೀ ಫಲಾನುಭವಿ ಎಂದು ಬರೆಯಬಹುದು, ಅಥವಾ ಉತ್ತರಾಧಿಕಾರಿ ಖಾತೆದಾರ ಎಂದು ಬರೆಯಬಹುದು. ಎರಡನೆಯದಾದರೆ ನೀವು ಹೋದ ಮೇಲೂ ಖಾತೆ ಟಿಎಫ್‌ಎಸ್‌ಎಯಾಗಿಯೇ ಅವರ ಹೆಸರಿನಲ್ಲಿ ಮುಂದುವರಿಯುತ್ತದೆ, ಅವರ ಸ್ವಂತ ಮಿತಿಗೆ ಧಕ್ಕೆ ಇಲ್ಲ. ಕ್ವಿಬೆಕ್‌ನಲ್ಲಿ ಮಾತ್ರ ನಿಯಮ ಬೇರೆ, ಅಲ್ಲಿ ಉಯಿಲಿನಲ್ಲಿ ಬರೆಯಬೇಕಾಗುತ್ತದೆ. ಯಾವ ಫಂಡ್ ಎಂದು ಮೂರು ವಾರ ಹುಡುಕಿದವರು ಈ ಕಾಲಂ ಬಂದಾಗ ‘ಆಮೇಲೆ ನೋಡೋಣ’ ಎಂದು ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋಗಿರುತ್ತಾರೆ.